ಹಂಚಿಕೊಂಡ ಮೆಮೊರಿಯ ಶಿಸ್ತು

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯು ಇಂದಿಗೂ ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಿಗೆ ತಳಹದಿಯಾಗಿರುವುದಾದರೂ, ಒಂದೇ ಪ್ರೋಗ್ರಾಮಿನೊಳಗೆ ಥ್ರೆಡ್ಡುಗಳೆಂಬ ಹಲವು ಕಾರ್ಯಧಾರೆಗಳು ಏಕಕಾಲದಲ್ಲಿ ಹರಿಯುತ್ತ ಒಂದೇ ಮೆಮೊರಿಯನ್ನು ಹಂಚಿಕೊಳ್ಳುವಾಗ ಪಾಲಿಸಬೇಕಾದ ನಿಯಮಗಳು ಅದರ ಪ್ರಮಾಣಗ್ರಂಥದಲ್ಲಿ 2011ರವರೆಗೂ ಇರಲಿಲ್ಲ. ಆ ಕೊರತೆಯ ಕಾಲದಲ್ಲಿ ಅನೇಕರು ವಾಲಟೈಲ್ ಎಂಬ ವಿಶೇಷಣವನ್ನೇ ಶರಣುಹೊಕ್ಕರು. ಆ ವಿಶ್ವಾಸ ನಿರಾಧಾರವಾದುದು.

ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರು, ವೇಗದ ಸಲುವಾಗಿ, ಒಮ್ಮೆ ಓದಿದ ಮೌಲ್ಯವನ್ನು ಪ್ರೊಸೆಸರಿನೊಳಗಿನ ರಿಜಿಸ್ಟರಿನಲ್ಲಿ ಇರಿಸಿಕೊಂಡು ಮತ್ತೆ ಮೆಮೊರಿಯತ್ತ ತಿರುಗಿಯೂ ನೋಡದಿರಬಹುದು. ಹೊರಗಿನ ಉಪಕರಣವೊಂದು ತಾನಾಗಿಯೇ ಬದಲಿಸುತ್ತಿರುವ ವಿಳಾಸವನ್ನು ಓದುವಲ್ಲಿ ಈ ಮಿತವ್ಯಯವು ಅನರ್ಥಕಾರಿಯಾದುದರಿಂದ, ಪ್ರತಿಯೊಂದು ಓದೂ ಪ್ರತಿಯೊಂದು ಬರಹವೂ ನಿಜವಾಗಿ ನಡೆಯಲೇಬೇಕೆಂದು ವಿಧಿಸುವ ವಾಲಟೈಲ್ 1989ರ ಪ್ರಮಾಣಗ್ರಂಥದಲ್ಲಿ ಸ್ಥಾನ ಪಡೆಯಿತು. ಅದರ ಅಧಿಕಾರ ಅಷ್ಟಕ್ಕೇ ಸೀಮಿತ.

ಎಣಿಕೆಗೆ ಒಂದನ್ನು ಕೂಡಿಸುವುದು ನಮಗೆ ಒಂದೇ ಕ್ರಿಯೆಯಾಗಿ ತೋರಿದರೂ, ಅದರಲ್ಲಿ ಓದುವುದು, ಕೂಡುವುದು, ಬರೆಯುವುದು ಎಂಬ ಮೂರು ಹೆಜ್ಜೆಗಳುಂಟು. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರೂ ಐದನ್ನೇ ಕಂಡು ಇಬ್ಬರೂ ಆರನ್ನೇ ಬರೆದರೆ ಒಂದು ಜಮೆ ಹೇಗೆ ಅಳಿದುಹೋಗುವುದೋ ಹಾಗೆಯೇ, ಎರಡು ಥ್ರೆಡ್ಡುಗಳು ತಲಾ ಒಂದು ಲಕ್ಷ ಸಲ ಕೂಡಿಸಿದ ಬಳಿಕವೂ ಮೊತ್ತವು 2,00,000ಕ್ಕಿಂತ ಕಡಿಮೆಯಾಗಿ ನಿಲ್ಲಬಹುದು; ವಾಲಟೈಲ್ ಇದನ್ನು ತಡೆಯಲಾರದು. ಇನ್ನೂ ಸೂಕ್ಷ್ಮವಾದ ಅಪಾಯವು ಕ್ರಮಕ್ಕೆ ಸಂಬಂಧಿಸಿದುದು: ಮಾಹಿತಿಯನ್ನು ಮೊದಲು ಬರೆದು, ಅನಂತರ ‘ಸಿದ್ಧ’ ಎಂಬ ಸಂಕೇತವನ್ನು ಬರೆದರೂ, ಆರ್ಮ್ ಮೊದಲಾದ ಪ್ರೊಸೆಸರುಗಳಲ್ಲಿ ಬೇರೊಂದು ಥ್ರೆಡ್ಡಿಗೆ ಸಂಕೇತವೇ ಮೊದಲು ಗೋಚರಿಸೀತು. ಜಾವಾ ಭಾಷೆಯ ವಾಲಟೈಲ್ 2004ರಿಂದೀಚೆಗೆ ಕ್ರಮದ ಭರವಸೆಯನ್ನೂ ಕೊಡುವುದರಿಂದ, ಅಲ್ಲಿಂದ ಬಂದವರಿಗೆ ಭ್ರಮೆಯಾಗುವುದು ಸಹಜ.

ಥ್ರೆಡ್ಡುಗಳನ್ನು ಕೇವಲ ಲೈಬ್ರರಿಯಾಗಿ ಒದಗಿಸಿದರೆ ಸಾಲದು, ಭಾಷೆಯೇ ಹೊಣೆ ಹೊರಬೇಕೆಂದು 2005ರಲ್ಲಿ ಕಂಪ್ಯೂಟರ್ ವಿಜ್ಞಾನಿ ಹಾನ್ಸ್ ಬೋಮ್ ಅವರು ಪ್ರತಿಪಾದಿಸಿದರು. 2011ರ ಪ್ರಮಾಣಗ್ರಂಥವು ಅಟಾಮಿಕ್ ಪ್ರಕಾರಗಳನ್ನು ತಂದು, ಮೂರು ಹೆಜ್ಜೆಗಳನ್ನು ಅವಿಭಾಜ್ಯವಾದ ಒಂದಾಗಿ ಬೆಸೆದು, ಕ್ರಮಕ್ಕೂ ಖಾತರಿಯಿತ್ತಿತು. ಆ ಪ್ರಕಾರಗಳ ಮೇಲೆ ಕೆಲಸಮಾಡುವ ಫಂಕ್ಷನ್ನುಗಳ ಘೋಷಣೆಯಲ್ಲಿ ವಾಲಟೈಲ್ ವಸ್ತುವನ್ನು ನಿರ್ದೇಶಿಸುವ ಪಾಯಿಂಟರು ಕಾಣಿಸುವುದರಿಂದ, ತಮ್ಮ ಚರವೂ ವಾಲಟೈಲ್ ಆಗಿರಬೇಕೆಂದು ಭಾವಿಸುವವರುಂಟು. ವಾಲಟೈಲ್ ಆದುದನ್ನೂ ಆಗದುದನ್ನೂ ಸಮಾನವಾಗಿ ಸ್ವೀಕರಿಸಲೆಂದು ಮಾಡಿದ ಏರ್ಪಾಡು ಅದು, ಅಪ್ಪಣೆಯಲ್ಲ.

ಆದುದರಿಂದ ಸಿ ಭಾಷೆಯಲ್ಲಿ ಬರೆಯುವ ತರುಣರು, ಥ್ರೆಡ್ಡುಗಳ ನಡುವೆ ಹಂಚಿಹೋಗುವ ಚರವನ್ನು ಅಟಾಮಿಕ್ ಎಂದು ಘೋಷಿಸಲಿ, ಇಲ್ಲವೇ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಮ್ಯೂಟೆಕ್ಸಿನ ಬೀಗದೊಳಗಿಡಲಿ; ವಾಲಟೈಲನ್ನು ಉಪಕರಣಗಳ ವಿಳಾಸಗಳಂತಹ ಅದರ ನಿಜವಾದ ಕಾರ್ಯಕ್ಷೇತ್ರಕ್ಕೆ ಬಿಟ್ಟುಕೊಡಲಿ.