ರಣರಂಗದಲ್ಲಿ ಕಲಿತ ಪಾಠ

ಶಾಸ್ತ್ರವನ್ನು ಪಾಠಶಾಲೆಯಲ್ಲಿ ಕಲಿತವರನ್ನು ನಾವೆಲ್ಲರೂ ಬಲ್ಲೆವು. ಯುದ್ಧಭೂಮಿಯಲ್ಲಿ ಕಲಿತವರು ವಿರಳ. ಅಂಥವರಲ್ಲೊಬ್ಬನು ಲುಡ್ವಿಗ್ ವಿಟ್ಗೆನ್‌ಸ್ಟೈನ್.

1889ರಲ್ಲಿ ವಿಯೆನ್ನಾ ನಗರದ ಮಹಾಧನಿಕರ ಮನೆಯಲ್ಲಿ ಹುಟ್ಟಿದ ಈತನು 1914ರಲ್ಲಿ ತಾನಾಗಿಯೇ ಆಸ್ಟ್ರಿಯಾದ ಸೇನೆಯನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿದನು. 1916ರಲ್ಲಿ ಶತ್ರುಗಳ ಗುಂಡಿಗೆ ಎದುರಾದ ವೀಕ್ಷಣಾಸ್ಥಾನವನ್ನೇ ಬೇಡಿ ಪಡೆದನು. ಅಲ್ಲಿಯೂ ಟಿಪ್ಪಣಿಯ ಪುಸ್ತಕವನ್ನು ಕೈಬಿಡಲಿಲ್ಲ. ತರ್ಕದಿಂದ ಮೊದಲಾದ ಬರಹವು ಮೃತ್ಯುವಿನ ಸನ್ನಿಧಿಯಲ್ಲಿ ದೇವರು, ಬಾಳಿನ ಅರ್ಥ ಎಂಬ ವಿಚಾರಗಳತ್ತ ತಿರುಗಿತು. 1918ರಲ್ಲಿ ಇಟಲಿಯವರಿಗೆ ಸೆರೆಸಿಕ್ಕಾಗ ಗ್ರಂಥದ ಹಸ್ತಪ್ರತಿಯು ಅವನ ಬಳಿಯಲ್ಲಿಯೇ ಇದ್ದಿತು. 1921ರಲ್ಲಿ ಅದು ಅಚ್ಚಾಯಿತು. ನೀತಿಯೆಂಬುದು ಮಾತಿಗೆ ಸಿಕ್ಕುವ ವಸ್ತುವಲ್ಲವೆಂಬುದು ಅದರ ಸಿದ್ಧಾಂತಗಳಲ್ಲೊಂದು.

ಯುದ್ಧವು ಅವನನ್ನು ಬೇರೊಬ್ಬನನ್ನಾಗಿ ಮಾಡಿದ್ದಿತು. ಪಿತ್ರಾರ್ಜಿತವನ್ನೆಲ್ಲ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, 1920ರಿಂದ ಬಡ ಹಳ್ಳಿಗಳಲ್ಲಿ ಉಪಾಧ್ಯಾಯನಾದನು. ಶ್ರದ್ಧೆಯಿಂದ ಕಲಿಸಿದನು, ಕೋಪಕ್ಕೆ ವಶನಾಗಿ ಮಕ್ಕಳನ್ನು ಹೊಡೆದನು ಕೂಡ. 1926ರಲ್ಲಿ ಪೆಟ್ಟುತಿಂದ ಹುಡುಗನೊಬ್ಬನು ಪ್ರಜ್ಞೆತಪ್ಪಿ ಬೀಳಲು, ಕೆಲಸವನ್ನೇ ಬಿಟ್ಟನು. ಸುಮಾರು ಹತ್ತು ವರ್ಷಗಳ ತರುವಾಯ ಅಲ್ಲಿಗೆ ಮರಳಿ ಹೋಗಿ, ಹಿಂದಿನ ಶಿಷ್ಯರಲ್ಲಿ ಕ್ಷಮೆ ಬೇಡಿದನು. ಬೆತ್ತ ಹಿಡಿದಿದ್ದ ನಮ್ಮ ಕೈಗೆ ಈ ಸಂಗತಿ ನಾಟುತ್ತದೆ.

1939ರಲ್ಲಿ ಕೇಂಬ್ರಿಜ್ಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಈ ಪಂಡಿತನು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಔಷಧಗಳನ್ನು ಹೊತ್ತು ಹಂಚುವ ಆಳಾಗಿ ದುಡಿದನು.

ಬಲ್ಲುದನ್ನು ನಡೆಯಲ್ಲಿ ತೋರಲು ಹೆಣಗಿದ, ತಪ್ಪಿದಾಗ ತಲೆಬಾಗಿದ ಈ ಬಾಳು ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ನೆನೆಯತಕ್ಕುದೆಂದು ನಮ್ಮ ಅಭಿಪ್ರಾಯ.