ಗೆಲ್ಲುತ್ತದೆ ಅಂತಲೋ, ಗೆಲ್ಲಲಿ ಅಂತಲೋ?

ನವಿ ಮುಂಬೈಯ ಸೀವುಡ್ಸ್‌ನಲ್ಲಿ ಲೋಕಲ್ ಇಳಿಯುವುದೆಂದರೆ ಮಾಲ್‌ನ ಹೊಟ್ಟೆಯೊಳಗೆ ಇಳಿದಂತೆ. ಹಳಿ ಕೆಳಗೆ, ಅಂಗಡಿ ಮೇಲೆ, ಅದಕ್ಕೂ ಮೇಲೆ ಸಿನಿಮಾ. ಆ ಮಲ್ಟಿಪ್ಲೆಕ್ಸಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಯಲ್ಲಿ, ಐವತ್ತು ವರ್ಷಗಳಿಂದ ಸಿನಿಮಾ ಪ್ರಶಸ್ತಿಗಳ ಭವಿಷ್ಯ ಬರೆದಿಡುತ್ತಿರುವ ಒಬ್ಬರಿದ್ದಾರೆ. ಅವರು ಮಲ್ಟಿಪ್ಲೆಕ್ಸಿನ ಕಡೆ ಹೋಗುವುದು ಅಪರೂಪ. ಯಾಕೆಂದು ಕೇಳಿದೆ. ‘ಸಿನಿಮಾ ನೋಡಿದರೆ ಲೆಕ್ಕ ತಪ್ಪುತ್ತದೆ’ ಎಂದರು.

ಗೆಳೆಯನ ಸೋದರಮಾವ, ಹಾಗಾಗಿ ನನಗೂ ಮಾವ. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಮುಂಬೈಗೆ ಬಂದು, ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ ಅಂತ ಓದಿ, ಕೊನೆಗೆ ಅದೇ ಹೋಟೆಲಿನ ಲೆಕ್ಕ ಬರೆಯುವವರಾದರು. ನನ್ನ ಮುಂದೆ ಅವರು ಬಿಚ್ಚಿಟ್ಟದ್ದೂ ಲೆಕ್ಕದ ಪುಸ್ತಕವೇ. ಕೆಂಪು ಬಟ್ಟೆಯ ಬೈಂಡು, ಉದ್ದ ಹಾಳೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಭವಿಷ್ಯ ಸರಿಯಾದರೆ ಜಮಾ, ತಪ್ಪಿದರೆ ಖರ್ಚು. ಇಂಥದ್ದೊಂದು ಇದೆ ಎಂದು ಗೆಳೆಯ ಹೇಳಿದಾಗ ನಂಬಿರಲಿಲ್ಲ. ಅತ್ತೆ ಚಹಾ ತಂದಿಟ್ಟು, ‘ಮದುವೆ ಖರ್ಚಿನ ಲೆಕ್ಕ ಕಳೆದಿದ್ದಾರೆ, ಇದು ಮಾತ್ರ ಭದ್ರ’ ಎಂದರು.

ಮೊದಲ ಪುಟ 1973ರ ಫಿಲ್ಮ್‌ಫೇರ್. 1954ರಲ್ಲಿ ಮೆಟ್ರೋ ಟಾಕೀಸಿನಲ್ಲಿ ಐದೇ ಪ್ರಶಸ್ತಿಗಳೊಂದಿಗೆ ಶುರುವಾದ ಆ ಸಮಾರಂಭ ಅಷ್ಟು ಹೊತ್ತಿಗೆ ಹಿಂದಿ ಚಿತ್ರರಂಗದ ದೊಡ್ಡ ಜಾತ್ರೆಯಾಗಿತ್ತು. ಸಂಗೀತದ ಸಾಲಿನಲ್ಲಿ ಮಾವ ‘ಪಾಕೀಜಾ’ದ ಗುಲಾಮ್ ಮೊಹಮ್ಮದ್ ಹೆಸರು ಬರೆದಿದ್ದಾರೆ. ಹೆಸರಿನ ಹಿಂದೆ ‘ದಿ.’ ಎಂಬ ಪುಟ್ಟ ಅಕ್ಷರ, ದಿವಂಗತ ಎಂದು. ನಟಿಯ ಸಾಲಿನಲ್ಲೂ ದಿ. ಮೀನಾಕುಮಾರಿ. ಚಿತ್ರ ತೆರೆ ಕಾಣುವ ನಾಲ್ಕು ವರ್ಷ ಮೊದಲೇ ಗುಲಾಮ್ ಮೊಹಮ್ಮದ್ ತೀರಿಕೊಂಡಿದ್ದರು. ಚಿತ್ರ ಬಂದ ಎರಡೇ ತಿಂಗಳಿಗೆ ಮೀನಾಕುಮಾರಿಯೂ ಹೋದರು. ಹದಿನೆಂಟರ ಹುಡುಗನ ತರ್ಕ ಸರಳ: ಸತ್ತವರಿಗೆ ಯಾರು ಇಲ್ಲ ಅಂತಾರೆ?

ಅಂದರು. ‘ಬೇ-ಇಮಾನ್’ ಏಳು ಪ್ರಶಸ್ತಿ ಬಾಚಿಕೊಂಡಿತು, ಸಂಗೀತ ಶಂಕರ್–ಜೈಕಿಷನ್‌ಗೆ ಹೋಯಿತು, ನಟಿ ಹೇಮಾಮಾಲಿನಿ. ಅದೇ ‘ಬೇ-ಇಮಾನ್’ಗೆ ಪೋಷಕ ನಟ ಪ್ರಶಸ್ತಿ ಪಡೆದ ಪ್ರಾಣ್, ಪಾಕೀಜಾದ ಸಂಗೀತಕ್ಕೆ ಸಿಗದ್ದು ನನಗೂ ಬೇಡ ಎಂದು ತನ್ನದನ್ನು ನಿರಾಕರಿಸಿದರು. ಪರದೆಯ ಮೇಲಿನ ಖಳ! ಪ್ರಾಣ್ ನನ್ನ ಪರವಾಗಿ ಜಗಳವಾಡಿದರು ಎಂಬಂತೆಯೇ ಮಾವ ಇವತ್ತಿಗೂ ಹೇಳುತ್ತಾರೆ.

ನನಗೆ ಬಿಡಲಾಗದ್ದು ಆ ‘ದಿ.’. ಉಳಿದದ್ದನ್ನೆಲ್ಲ ಬಿಟ್ಟು ಮಧ್ಯಾಹ್ನವಿಡೀ ಅದನ್ನೇ ಹುಡುಕುತ್ತ ಕೂತೆ. 1995, ದಿ. ಆರ್.ಡಿ. ಬರ್ಮನ್, ‘1942: ಎ ಲವ್ ಸ್ಟೋರಿ’ – ಜಮಾ. 2009ರ ಆಸ್ಕರ್, ಪೋಷಕ ನಟ, ದಿ. ಹೀತ್ ಲೆಡ್ಜರ್ – ಲೆಡ್ಜರಿನಲ್ಲಿ ಲೆಡ್ಜರ್ ಕೂಡ ಜಮಾ. 2021ರ ಮಾರ್ಚ್, ಫಿಲ್ಮ್‌ಫೇರ್, ದಿ. ಇರ್ಫಾನ್ ಖಾನ್, ‘ಅಂಗ್ರೇಜಿ ಮೀಡಿಯಂ’ – ಜಮಾ. ಇದಾದ ಮುಂದಿನ ತಿಂಗಳು ಆಸ್ಕರ್. ದಿ. ಚಾಡ್ವಿಕ್ ಬೋಸ್‌ಮನ್ ಬಿಟ್ಟು ಬೇರೆ ಹೆಸರೇ ಇಲ್ಲ ಎಂದು ಲೋಕವೇ ಹೇಳುತ್ತಿತ್ತು. ಆಯೋಜಕರೂ ಹಾಗೇ ಎಣಿಸಿದರೇನೋ, ಕೊನೆಗೆ ಬರಬೇಕಾದ ಶ್ರೇಷ್ಠ ಚಿತ್ರವನ್ನು ಮುಂಚೆಯೇ ಮುಗಿಸಿ ನಟನ ಪ್ರಶಸ್ತಿಯನ್ನು ಕಡೆಗಿಟ್ಟರು. ಲಾಕ್‌ಡೌನಿನ ಸೋಮವಾರ, ಬೆಳಿಗ್ಗೆ ಒಂಬತ್ತರ ಸುಮಾರು. ಲಕೋಟೆಯಿಂದ ಹೊರಬಂದದ್ದು ಆಂಟನಿ ಹಾಪ್ಕಿನ್ಸ್, ‘ದಿ ಫಾದರ್’. ಹಾಪ್ಕಿನ್ಸ್ ಅಲ್ಲಿರಲೇ ಇಲ್ಲ, ವೇಲ್ಸ್‌ನಲ್ಲಿದ್ದರು. ಕಾರ್ಯಕ್ರಮ ಹಾಗೆಯೇ ಪಟ್ಟೆಂದು ಮುಗಿಯಿತು. ಆ ಸಾಲಿನ ಮುಂದೆ ಮಾವ ಕೆಂಪು ಶಾಯಿಯಲ್ಲಿ ಬರೆದದ್ದು: ‘ವೋಟು ಹಾಕಿದವರು ಸಿನಿಮಾ ನೋಡಿದ್ದರು’.

ಇನ್ನೊಂದು ಖರ್ಚಿನ ಕಥೆ 1974ರದ್ದು. ‘ಜಂಜೀರ್’ನ ಅಮಿತಾಭ್ ಎಂದು ಮಾವ ಬರೆದರು, ಸಿಕ್ಕಿದ್ದು ‘ಬಾಬಿ’ಯ ರಿಷಿ ಕಪೂರ್‌ಗೆ. 2017ರಲ್ಲಿ ರಿಷಿ ಕಪೂರ್ ತಮ್ಮ ಆತ್ಮಕಥೆ ‘ಖುಲ್ಲಂ ಖುಲ್ಲಾ’ದಲ್ಲಿ, ಆ ಪ್ರಶಸ್ತಿಗಾಗಿ 30,000 ರೂಪಾಯಿ ಕೊಟ್ಟೆ ಎಂದು ಬರೆದುಕೊಂಡರು. ಸುದ್ದಿ ಓದಿದ ದಿನವೇ ಮಾವ ಹಳೆಯ ಪುಟ ತೆಗೆದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಬಾಬ್ತು: 30,000’ ಎಂದು ದಾಖಲಿಸಿದ್ದಾರೆ. ನಲವತ್ತಮೂರು ವರ್ಷ ತಾಳೆಯಾಗದ ಲೆಕ್ಕ ತಾಳೆಯಾಯಿತು!

ಟಿವಿ ಪ್ರಶಸ್ತಿಗಳು ಹೆಚ್ಚಾದ ಮೇಲೆ ಹಿಂದಿಯ ಮೇಲಿನ ಅವರ ಆಸಕ್ತಿ ಇಳಿಯಿತು. ಯಾರು ಬಂದು ಕುಣಿಯುತ್ತಾರೋ ಅವರಿಗೇ ಬಹುಮಾನ, ಅದರಲ್ಲಿ ಭವಿಷ್ಯ ಏನು ಬಂತು? (ಇದು ಅವರ ಅಭಿಪ್ರಾಯ, ನನ್ನದೂ.) ಆಸ್ಕರ್ ಆದರೆ ಲೆಕ್ಕಕ್ಕೆ ಸಿಗುತ್ತದೆ. ಅಮೆರಿಕದ ನಿರ್ದೇಶಕರ ಸಂಘ ಮೊದಲೇ ಕೊಡುವ ಪ್ರಶಸ್ತಿ ಯಾರಿಗೆ ಬಂತೋ ಆಸ್ಕರ್ ನಿರ್ದೇಶಕರೂ ಬಹುಪಾಲು ಅವರೇ. ಸಂಘದಲ್ಲಿರುವವರಲ್ಲಿ ಕೆಲವರು ಅಲ್ಲಿಯೂ ವೋಟು ಹಾಕುತ್ತಾರಲ್ಲ. ಶ್ರೇಷ್ಠ ಚಿತ್ರದ್ದು ಮಾತ್ರ ಬೇರೆ ಪದ್ಧತಿ, 2010ರ ಸಮಾರಂಭದಿಂದ ಹೀಗೆ. ಮತದಾರರು ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಗುರುತಿಸಬೇಕು. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಎಲ್ಲಕ್ಕಿಂತ ಕೆಳಗಿನದನ್ನು ಕೈಬಿಟ್ಟು, ಅದರ ಮತಗಳನ್ನು ಅವರವರ ಮುಂದಿನ ಆಯ್ಕೆಗೆ ಹಂಚುತ್ತಾರೆ. ಮಾವ ಇದನ್ನು ಹೋಟೆಲಿಗೆ ತಂದು ವಿವರಿಸಿದರು: ಉಪ್ಪಿಟ್ಟಿಗೆ ಪ್ರಾಣ ಬಿಡುವವರಿದ್ದಾರೆ, ತಟ್ಟೆ ದೂಡುವವರೂ ಇದ್ದಾರೆ. ಇಡ್ಲಿಯನ್ನು ಯಾರೂ ದೂಡುವುದಿಲ್ಲ. ಶ್ರೇಷ್ಠ ಚಿತ್ರಕ್ಕೆ ಇಡ್ಲಿಯನ್ನು ಹುಡುಕಬೇಕು. 2017ರಲ್ಲಿ ಲಕೋಟೆ ಅದಲುಬದಲಾಗಿ ಮೊದಲು ‘ಲಾ ಲಾ ಲ್ಯಾಂಡ್’, ಆಮೇಲೆ ‘ಮೂನ್‌ಲೈಟ್’ ಎಂದಾಯಿತಲ್ಲ, ಆವತ್ತು ಮಾವನ ಪುಸ್ತಕದಲ್ಲಿ ಎರಡು ನಿಮಿಷದ ಜಮಾ, ಆಮೇಲೆ ಖರ್ಚು.

ಹೊರಡುವ ಮೊದಲು ನನ್ನಿಂದಲೂ ಒಂದು ಹೆಸರು ಬರೆಸಿದರು. ಬರೆದೆ. ಕನ್ನಡಕ ಸರಿಮಾಡಿಕೊಂಡು ನೋಡಿ ಕೇಳಿದರು: ‘ಇದು ಗೆಲ್ಲುತ್ತದೆ ಅಂತಲೋ, ಗೆಲ್ಲಲಿ ಅಂತಲೋ?’

ರಾಷ್ಟ್ರಪ್ರಶಸ್ತಿಯ ಗೊಡವೆಗೆ ಮಾವ ಹೋಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಲವೇ ಮಂದಿ ಕೂತು ತೀರ್ಮಾನಿಸುವುದಕ್ಕೆ ಯಾವ ಗಣಿತ? ‘ಸಂಸ್ಕಾರ’ ಮೊದಲು ಸೆನ್ಸಾರ್‌ನಲ್ಲಿ ಸಿಕ್ಕಿಬಿದ್ದು ಆಮೇಲೆ ಸ್ವರ್ಣಕಮಲ ಗೆದ್ದದ್ದನ್ನು ಯಾವ ಜೋಯಿಸ ಹೇಳಿಯಾನು? ‘ಚೋಮನ ದುಡಿ’, ಆಮೇಲೆ ‘ಘಟಶ್ರಾದ್ಧ’ದಿಂದ ‘ದ್ವೀಪ’ದವರೆಗೆ ಕಾಸರವಳ್ಳಿಯವರ ನಾಲ್ಕು, ಎಲ್ಲ ಹಾಗೆಯೇ ಬಂದವು. ಮಾವ ಒಂದೇ ಸಲ ವ್ರತ ಮುರಿದದ್ದು, 2024ರ ಆಗಸ್ಟಿನಲ್ಲಿ. ಶ್ರೇಷ್ಠ ನಟ ಮಮ್ಮೂಟ್ಟಿಯೋ ‘ಕಾಂತಾರ’ದ ರಿಷಬ್ ಶೆಟ್ಟಿಯೋ ಎಂದು ಟಿವಿಯವರು ಕೂಗುತ್ತಿದ್ದಾಗ. ರಿಷಬ್ ಕೆರಾಡಿಯವರು, ಮಾವನ ತಾಲೂಕೇ. ಪುಟ ತಿರುಗಿಸಿದೆ. ಬರೆದದ್ದು ಮಮ್ಮೂಟ್ಟಿ.

‘ನಮ್ಮೂರ್ ಮಾಣಿ ಅಲ್ದಾ? ಗೆಲ್ಲಲಿ ಅಂತ ಇತ್ತು. ಅದಕ್ಕೇ ಬರೆಯಲಿಲ್ಲ’ ಎಂದರು.

ಆಗಸ್ಟ್ 16ರ ಮಧ್ಯಾಹ್ನ ರಿಷಬ್ ಹೆಸರು ಬಂತು. ಮಾವ ಮೊದಲು ಪುಸ್ತಕ ತೆಗೆದು ಖರ್ಚಿನ ಕಡೆ ಕೆಂಪು ಗೀಟು ಎಳೆದರಂತೆ, ಆಮೇಲೆ ಕೆಳಗಿಳಿದು ಹೋಗಿ ಎರಡು ಕಿಲೋ ಪೇಡೆ ತಂದರಂತೆ. ಕಟ್ಟಡದ ಮರಾಠಿ, ಗುಜರಾತಿ, ಮಲಯಾಳಿ ಮನೆಗಳಿಗೆಲ್ಲ ಹಂಚಿದ್ದು ಅತ್ತೆ. ಪೇಡೆಯ ಖರ್ಚನ್ನೂ ಅದೇ ಪುಟದಲ್ಲಿ ಬರೆದಿದ್ದಾರೆ.