ಕತ್ತರಿ ಕಲಿಸುವ ಕ್ಷೇತ್ರಗಣಿತ

ವಿಸ್ತೀರ್ಣ, ಸುತ್ತಳತೆಯ ಪಾಠವನ್ನು ನಾನು ಕತ್ತರಿಯಿಂದಲೇ ಶುರು ಮಾಡುವುದು. 12 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಕಾಗದ. ಸುತ್ತಳತೆ 40 ಸೆಂ.ಮೀ., ವಿಸ್ತೀರ್ಣ 96 ಚದರ ಸೆಂ.ಮೀ. ಮೂಲೆಯಿಂದ 3ಕ್ಕೆ 2ರ ಆಯತವೊಂದನ್ನು ಕತ್ತರಿಸಿದರೆ ಸುತ್ತಳತೆ ಎಷ್ಟು? “ಕಡಿಮೆಯಾಯ್ತು ಮೇಡಂ” ಎನ್ನುತ್ತಾರೆ ಮಕ್ಕಳು. ದಾರ ಹಿಡಿದು ಅಳೆದರೆ ಅದೇ 40! ಹೋದ ಎರಡು ಅಂಚುಗಳ ಬದಲಿಗೆ ಅಷ್ಟೇ ಉದ್ದದ ಎರಡು ಹೊಸ ಅಂಚುಗಳು ಬಂದಿವೆ. ಇಳಿದದ್ದು ವಿಸ್ತೀರ್ಣ, 90ಕ್ಕೆ. ಅದೇ ತುಂಡನ್ನು ಉದ್ದಬದಿಯ ನಡುವಿನಿಂದ 2 ಸೆಂ.ಮೀ. ಆಳಕ್ಕೆ ತೆಗೆದಿದ್ದರೆ ಸುತ್ತಳತೆ 44 ಆಗುತ್ತಿತ್ತು.

ನನಗೆ ಇದಕ್ಕಿಂತ ಇಷ್ಟ ಪೋಸ್ಟ್‌ಕಾರ್ಡಿನ ಆಟ. 14ಕ್ಕೆ 9 ಸೆಂ.ಮೀ. ಕಾರ್ಡನ್ನು ಉದ್ದಕ್ಕೆ ಮಡಿಸಿ. ಮಡಿಕೆಯಿಂದ ಒಂದು, ತೆರೆದ ಅಂಚಿನಿಂದ ಒಂದು, ಹೀಗೆ ಒತ್ತೊತ್ತಾಗಿ ಸೀಳುತ್ತ ಹೋಗಿ. ಪ್ರತಿ ಸೀಳೂ ಎದುರಂಚಿಗೆ ತುಸು ಮೊದಲೇ ನಿಲ್ಲಲಿ. ಮೊದಲ ಮತ್ತು ಕೊನೆಯ ಸೀಳು ಮಡಿಕೆಯ ಕಡೆಯಿಂದಲೇ ಬರಬೇಕು, ಇದು ಮುಖ್ಯ. ಆಮೇಲೆ ಎರಡು ತುದಿಯ ಪಟ್ಟಿಗಳನ್ನು ಬಿಟ್ಟು ಉಳಿದ ಮಡಿಕೆಯನ್ನೆಲ್ಲ ಕತ್ತರಿಸಿ, ಮೆಲ್ಲಗೆ ಬಿಡಿಸಿ. ದೊಡ್ಡವರೂ ತೂರಬಹುದಾದ ಕಾಗದದ ಬಳೆ! ವಿಸ್ತೀರ್ಣ ಮೊದಲಿನ 126 ಚದರ ಸೆಂ.ಮೀ.ಯೇ, ಬೆಳೆದದ್ದು ಅಂಚು.

ಮನೆಯಲ್ಲಿ ಮಕ್ಕಳಿದ್ದರೆ ಸೂತ್ರ ಬಾಯಿಪಾಠ ಮಾಡಿಸುವ ಮೊದಲು ಹಳೆಯದೊಂದು ಲಗ್ನಪತ್ರಿಕೆ, ಕತ್ತರಿ ಕೊಟ್ಟು ಜೊತೆಗೆ ಕೂತುಕೊಳ್ಳಿ.